ಕಾಟ್ಲಾ ಈಗ ಯಾಕೆ ದೊಡ್ಡದು ಸಿಗುತ್ತಿಲ್ಲ?

ಪ್ರಶ್ನೆ: ನಮ್ಮದು ಹಗರಿಬೊಮ್ಮನಹಳ್ಳಿ ಕಡೆ, ತುಂಗಭದ್ರಾ ಹಿನ್ನೀರಿನ ಊರು. ನಮ್ಮ ತಾತ ತೆಪ್ಪದಲ್ಲಿ ಹೋಗಿ ಹತ್ತು ಹನ್ನೆರಡು ಕೆಜಿಯ ಕಾಟ್ಲಾ ಮೀನು ತರುತ್ತಿದ್ದರಂತೆ. ಈಗ ಬಲೆಗೆ ಬೀಳುವುದೆಲ್ಲ ಒಂದು, ಒಂದೂವರೆ ಕೆಜಿಯವು. ಮೀನುಮರಿ ಬಿಡುವುದು ಮಾತ್ರ ವರ್ಷಾವರ್ಷ ನಡೆದೇ ಇದೆ. ಮರಿಯ ತಳಿ ಕೆಟ್ಟಿದೆ ಅಂತ ಕೆಲವರು, ನೀರು ಕೆಟ್ಟಿದೆ ಅಂತ ಕೆಲವರು, ನೀರುನಾಯಿ ತಿಂದು ಮುಗಿಸುತ್ತವೆ ಅಂತ ಇನ್ನು ಕೆಲವರು. ಮೀನು ಬೆಳೆಯುವುದೇ ನಿಂತುಬಿಟ್ಟಿದೆಯಾ? ಇದನ್ನು ನಾವೇ ಪರೀಕ್ಷೆ ಮಾಡಿ ತಿಳಿಯಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಹೌದು, ನೀವೇ ಮಾಡಬಹುದು. ಒಂದು ಅಳತೆ ಪಟ್ಟಿ, ಒಂದು ನೋಟ್ ಪುಸ್ತಕ, ಬೆಳಗ್ಗೆ ಐದಕ್ಕೇ ಎದ್ದು ದಡಕ್ಕೆ ಹೋಗುವ ತಾಳ್ಮೆ, ಇಷ್ಟಿದ್ದರೆ ಸಾಕು. ಹೇಗೆ ಅಂತ ಆಮೇಲೆ ಬರುತ್ತೇನೆ.

ನೀವು ಹೇಳಿದ ಮೂರೂ ಕಾರಣಗಳ ಹಿಂದೆ ಒಂದೇ ನಂಬಿಕೆ ಇದೆ. ಸಿಗುವ ಮೀನು ಸಣ್ಣದು, ಹಾಗಾಗಿ ಮೀನು ಬೆಳೆಯುತ್ತಿಲ್ಲ ಅನ್ನುವ ನಂಬಿಕೆ. ಇಲ್ಲೇ ಎಡವುವುದು. ಒಂದು ಊರಿನಲ್ಲಿ ಬರೀ ಚಿಕ್ಕ ಮಕ್ಕಳೇ ಕಾಣಿಸಿದರೆ ಆ ಊರಿನವರು ಕುಳ್ಳರು ಅಂತ ಹೇಳುತ್ತೀರಾ? ದೊಡ್ಡವರೆಲ್ಲ ಎಲ್ಲಿ ಹೋದರು ಅಂತ ಕೇಳುತ್ತೀರಿ, ಅಲ್ವಾ? ನಿಮ್ಮ ಬಲೆಯ ಒಂದೂವರೆ ಕೆಜಿ ಕಾಟ್ಲಾ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಅದೇ. ಅದಕ್ಕೆ ವಯಸ್ಸೆಷ್ಟು? ಎರಡು ವರ್ಷಕ್ಕೆ ಒಂದೂವರೆ ಕೆಜಿ ಆಗಿದ್ದರೆ ದೊಡ್ಡ ಜಲಾಶಯದಲ್ಲಿ ಅದು ಚೆನ್ನಾಗಿಯೇ ಬೆಳೆಯುತ್ತಿರುವ ಮೀನು. ಐದು ವರ್ಷಕ್ಕೆ ಒಂದೂವರೆ ಕೆಜಿ ಅಂದರೆ ಮಾತ್ರ ತಳಿ, ನೀರು, ಮೇವು ಅಂತ ತಲೆಕೆಡಿಸಿಕೊಳ್ಳಬೇಕು. ನಾನು ದಡದಲ್ಲಿ ಕೂತು ಮೀನು ಅಳೆದ ಕಡೆಯಲ್ಲೆಲ್ಲ, ಒಂದು ಜಾತಿಯನ್ನು ಬಿಟ್ಟರೆ, ಮೊದಲನೆಯದೇ ನಿಜವಾಗಿತ್ತು. ಆ ಒಂದು ಜಾತಿ ಜಿಲೇಬಿ, ಅಂದರೆ ತಿಲಾಪಿಯಾ ಮೀನು. ಅದರ ಕತೆ ಬೇರೆ, ಅದಕ್ಕೂ ಬರುತ್ತೇನೆ.

ಮೀನು ಮನುಷ್ಯರ ಹಾಗೆ ಇಪ್ಪತ್ತಕ್ಕೆ ಬೆಳವಣಿಗೆ ನಿಲ್ಲಿಸುವ ಪ್ರಾಣಿಯಲ್ಲ. ಇರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ, ವರ್ಷ ಕಳೆದಂತೆ ಉದ್ದ ಹೆಚ್ಚುವ ವೇಗ ಮಾತ್ರ ಕಡಿಮೆಯಾಗುತ್ತದೆ. ಈ ಬೆಳವಣಿಗೆಗೆ 1938ರಲ್ಲಿ ಫಾನ್ ಬರ್ಟಲಾನ್ಫಿ ಅನ್ನುವ ಜೀವವಿಜ್ಞಾನಿ ಒಂದು ಸೂತ್ರ ಕೊಟ್ಟರು, ಮೀನುಗಾರಿಕೆಯವರು ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದೇವೆ. ಅದರಲ್ಲಿ ಮುಖ್ಯವಾದ ಅಂಕಿಗಳು ಎರಡೇ. ಒಂದು, ಸಾಯದೆ ಉಳಿದರೆ ಆ ಮೀನು ಕೊನೆಗೆ ಮುಟ್ಟಬಹುದಾದ ಉದ್ದ. ಇನ್ನೊಂದು, ಆ ಉದ್ದದ ಕಡೆಗೆ ಅದು ಎಷ್ಟು ಬೇಗ ಓಡುತ್ತದೆ ಅನ್ನುವ ವೇಗ, ಇದಕ್ಕೆ 'ಕೆ' ಅನ್ನುತ್ತಾರೆ. ಬೆರಳುದ್ದದ ಸಣ್ಣ ಮೀನುಗಳಿಗೆ ಈ ಕೆ ಜಾಸ್ತಿ: ಬೇಗ ಬೆಳೆದು, ಬೇಗ ತತ್ತಿ ಹಾಕಿ, ಬೇಗ ಸಾಯುತ್ತವೆ. ಕಾಟ್ಲಾ, ಬಾಳೆ ಮೀನಿನಂಥ ದೊಡ್ಡವಕ್ಕೆ ಕಡಿಮೆ.

ತೂಕದ ಲೆಕ್ಕ ಬೇರೆ ಥರ. ಉದ್ದ ಎರಡು ಪಟ್ಟಾದರೆ ತೂಕ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಹಾಗಾಗಿ ಉದ್ದ ಹೆಚ್ಚುವುದು ನಿಧಾನವಾಗುತ್ತಿರುವಾಗಲೇ ತೂಕ ಏರುವುದು ಜೋರಾಗುತ್ತದೆ. ಸೂತ್ರದ ಪ್ರಕಾರ ಮೀನು ತನ್ನ ಪೂರ್ತಿ ತೂಕದ ಸುಮಾರು 30 ಶೇಕಡಾ ಮುಟ್ಟುವಾಗ ದಿನಕ್ಕೆ ಅತಿ ಹೆಚ್ಚು ಮಾಂಸ ಕಟ್ಟುತ್ತದೆ. 16 ಕೆಜಿಗೆ ಹೋಗಬಲ್ಲ ಕಾಟ್ಲಾ ಅಂತ ಇಟ್ಟುಕೊಂಡರೆ ಆ ಹಂತ ಬರುವುದು ಸುಮಾರು ನಾಲ್ಕೂಮುಕ್ಕಾಲು ಕೆಜಿಗೆ. ನೀವು ಹಿಡಿಯುತ್ತಿರುವುದು ಒಂದೂವರೆ ಕೆಜಿಗೆ. ನಿಮ್ಮ ಸೀಮೆಯವರಿಗೆ ಸೀತನಿಯ, ಅಂದರೆ ಸುಟ್ಟ ಎಳೆ ಜೋಳದ ತೆನೆಯ, ರುಚಿ ನಾನು ಹೇಳಬೇಕಾಗಿಲ್ಲ. ಆದರೆ ಇಡೀ ಹೊಲವನ್ನೇ ಸೀತನಿಗೆ ಅಂತ ಕೊಯ್ದುಬಿಟ್ಟರೆ ಕಣಕ್ಕೆ ಜೋಳ ಎಲ್ಲಿಂದ ಬರಬೇಕು?

ಈಗ ಸಾವಿನ ಕಡೆಗೆ ಬರೋಣ. ಇದು ಸ್ವಲ್ಪ ಒಣ ವಿಷಯ, ಆದರೆ ಉತ್ತರ ಇರುವುದು ಇಲ್ಲೇ.

ನೀರಿನಲ್ಲಿ ಮೀನು ಸಾಯಲು ಎರಡು ದಾರಿ. ಒಂದು ತಾನಾಗಿ: ರೋಗ, ನೀರುಕಾಗೆ, ನೀರುನಾಯಿ, ಇನ್ನೊಂದು ದೊಡ್ಡ ಮೀನಿನ ಬಾಯಿ, ಬೇಸಿಗೆಯಲ್ಲಿ ಉಸಿರುಗಟ್ಟುವುದು. ಇದೆಲ್ಲ ಸೇರಿ ಸಹಜ ಸಾವು. ಎರಡನೆಯದು ನಮ್ಮ ಬಲೆ. ಇವುಗಳನ್ನು ನಾವು ಶೇಕಡಾದಲ್ಲಿ ಅಳೆಯುವುದಿಲ್ಲ, ಒಂದು ದರದಲ್ಲಿ ಅಳೆಯುತ್ತೇವೆ. ಕಾರಣ ಸರಳ. ಸಹಜ ಸಾವಿನಿಂದ ವರ್ಷಕ್ಕೆ 39 ಶೇಕಡಾ, ಬಲೆಯೊಂದರಿಂದಲೇ ಆದರೆ 63 ಶೇಕಡಾ ಅಂತ ಇದ್ದರೆ, ಎರಡನ್ನೂ ಸುಮ್ನೆ ಕೂಡಿಸಿದರೆ 102 ಶೇಕಡಾ ಮೀನು ಸಾಯಬೇಕಾಗುತ್ತದೆ! ಬಲೆಗೆ ಬಿದ್ದ ಮೀನನ್ನು ನೀರುಕಾಗೆ ಮತ್ತೆ ತಿನ್ನಲಾರದಲ್ಲ. ದರಗಳಾದರೆ ನೆಟ್ಟಗೆ ಕೂಡುತ್ತವೆ. ಆ 39 ಶೇಕಡಾ ಸಹಜ ಸಾವನ್ನು ದರದಲ್ಲಿ ಬರೆದರೆ 0.5, ಬಲೆಯ 63 ಶೇಕಡಾ ಬರೆದರೆ 1.0, ಒಟ್ಟು 1.5. ಅಂದರೆ ವರ್ಷದ ಕೊನೆಗೆ ನೂರರಲ್ಲಿ ಉಳಿಯುವುದು 22 ಮೀನು.

ಈ ಅಂಕಿಗಳನ್ನು ನಾನು ಲೆಕ್ಕ ತೋರಿಸಲು ಇಟ್ಟುಕೊಂಡಿದ್ದೇನೆ, ನಿಮ್ಮ ಜಲಾಶಯದಲ್ಲಿ ಅಳೆದು ಬರೆದವಲ್ಲ. ಆದರೆ ಇಂಥ ಮೀನಿಗೆ ಹೊಂದುವ ಅಂಕಿಗಳೇ. ಇನ್ನೂ ಎರಡು ಹೆಜ್ಜೆ ಜೊತೆಗೆ ಬನ್ನಿ.

ಬಲೆಯೇ ಇಲ್ಲದ ನೀರಿನಲ್ಲಿ ಒಂದು ವರ್ಷ ವಯಸ್ಸಿನ 1000 ಮೀನು ಇವೆ ಅಂದುಕೊಳ್ಳಿ. ಒಂದು ವರ್ಷಕ್ಕೆ 607 ಉಳಿಯುತ್ತವೆ, ಎರಡು ವರ್ಷಕ್ಕೆ 368, ಮೂರಕ್ಕೆ 223. ಈಗ ಬಲೆ ಇಳಿಸಿ, ಒಟ್ಟು ದರ 1.5 ಮಾಡಿ. ಮೊದಲ ವರ್ಷಕ್ಕೆ 223, ಎರಡನೆಯದಕ್ಕೆ 50, ಮೂರನೆಯದಕ್ಕೆ 11. ಅಲ್ಲಿ 223 ದೊಡ್ಡ ಮೀನು ಇದ್ದ ಜಾಗದಲ್ಲಿ ಇಲ್ಲಿ ಬರೀ 11. ಇನ್ನೆರಡು ವರ್ಷ ಹೋದರೆ ಒಂದೂ ಇರುವುದಿಲ್ಲ. ನಿಮ್ಮ ತಾತನ ಹತ್ತು ಕೆಜಿ ಕಾಟ್ಲಾ ಹೋಗಿದ್ದು ಈ ಲೆಕ್ಕದೊಳಕ್ಕೆ. ಅದರ ತಳಿ ಎಲ್ಲಿಗೂ ಹೋಗಿಲ್ಲ. ಹತ್ತು ಕೆಜಿ ಆಗಲು ಬೇಕಾದ ಆರೇಳು ವರ್ಷ ಈಗ ಯಾವ ಮೀನಿಗೂ ಸಿಗುತ್ತಿಲ್ಲ, ಅಷ್ಟೇ.

ಇದಕ್ಕೆ ತೂಕ ಸೇರಿಸಿ ನೋಡಿ, ಆಗ ಹೊಟ್ಟೆ ಉರಿಯುತ್ತದೆ. ಈ ಕಾಟ್ಲಾ ಕೊನೆಗೆ 95 ಸೆಂಟಿಮೀಟರ್, 16 ಕೆಜಿಗೆ ಹೋಗುವಂಥದ್ದು, ಕೆ 0.3 ಅಂತ ಹಿಡಿದರೆ ಒಂದು ವರ್ಷಕ್ಕೆ ಸುಮಾರು 300 ಗ್ರಾಂ, ಎರಡಕ್ಕೆ ಒಂದೂವರೆ ಕೆಜಿ, ಮೂರಕ್ಕೆ 3.3, ನಾಲ್ಕಕ್ಕೆ ಐದೂವರೆ ಕೆಜಿ ಬರುತ್ತದೆ. ಕೊಳದಲ್ಲಿ ತೌಡು ಹಿಂಡಿ ಹಾಕಿ ಸಾಕಿದರೆ ಇದಕ್ಕಿಂತ ಬೇಗ ಬರುತ್ತದೆ, ಜಲಾಶಯದಲ್ಲಿ ಮೇವು ಹಾಕುವವರು ಯಾರೂ ಇಲ್ಲ. ಆ 1000 ಮೀನನ್ನು ಒಂದು ವರ್ಷಕ್ಕೇ ಬಾಚಿದರೆ 300 ಕೆಜಿ. ಇನ್ನೊಂದು ವರ್ಷ ಕಾದು, ಸತ್ತದ್ದನ್ನು ಕಳೆದು, ಉಳಿದ 607ನ್ನು ಹಿಡಿದರೆ 900 ಕೆಜಿಗೂ ಹೆಚ್ಚು. ಎರಡು ವರ್ಷ ಕಾದರೆ 1200 ಕೆಜಿ. ಮೂರು ವರ್ಷ ಕಾದರೂ ಹತ್ತಿರ ಹತ್ತಿರ ಅಷ್ಟೇ, ಅಲ್ಲಿಂದ ಮುಂದೆ ಸಾವು ಬೆಳವಣಿಗೆಯನ್ನು ಮೀರುವುದರಿಂದ ಕಾದು ಲಾಭವಿಲ್ಲ. ಮೀನಿನ ಸಂಖ್ಯೆ ಕಮ್ಮಿಯಾಗುತ್ತಾ ತೂಕ ಏರುವುದು ಕಣ್ಣಿಗೆ ಕಾಣುವುದಿಲ್ಲ, ಯಾಕೆಂದರೆ ಅದು ನಡೆಯುವುದು ನೀರಿನೊಳಗೆ. ಕಣ್ಣಿಗೆ ಕಾಣುವುದು ಇವತ್ತಿನ ಬುಟ್ಟಿ ಮಾತ್ರ. ಬಡ್ಡಿ ಬೆಳೆಯುವ ಮೊದಲೇ ಅಸಲು ಮುರಿದು ತಿನ್ನುವ ಈ ಹಿಡಿತಕ್ಕೆ ನಮ್ಮಲ್ಲಿ ಬೆಳವಣಿಗೆಯ ಅತಿಹಿಡಿತ ಅನ್ನುತ್ತಾರೆ.

ಈ ಮಾತಿಗೆ ದಡದಲ್ಲಿ ಸಿಗುವ ಉತ್ತರವೂ ನನಗೆ ಗೊತ್ತು. "ಸರ್, ನಾನು ಬಿಟ್ಟರೆ ಪಕ್ಕದ ತೆಪ್ಪದವನು ಬಿಡುತ್ತಾನಾ?" ಇದಕ್ಕೆ ಮೀನುಶಾಸ್ತ್ರದಲ್ಲಿ ಉತ್ತರ ಇಲ್ಲ. ಲೈಸೆನ್ಸಿನ ದುಡ್ಡು, ಬಲೆಯ ದುಡ್ಡು, ವ್ಯಾಪಾರಿಯ ಹತ್ತಿರ ತೆಗೆದುಕೊಂಡ ಮುಂಗಡ ತಲೆಯ ಮೇಲಿರುವಾಗ ಎರಡು ವರ್ಷ ಕಾಯಿರಿ ಅಂತ ಸಂಬಳ ತಗೊಳ್ಳುವ ನಾನು ಹೇಳುವುದು ಸುಲಭ. ಅದಕ್ಕೇ ಈ ನಿಯಮಗಳು ಒಬ್ಬರ ಮನಸ್ಸಿಗೆ ಬಿಟ್ಟದ್ದಾಗಬಾರದು, ಸಂಘದಲ್ಲಿ ಕೂತು ಎಲ್ಲರಿಗೂ ಒಂದೇ ಥರ ಮಾಡಿಕೊಳ್ಳಬೇಕು.

ಇನ್ನು ಬಲೆ. ಕಿವಿರು ಬಲೆ, ಅಂದರೆ ಮೀನು ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಬೀಳುವ ನೈಲಾನ್ ಬಲೆ, ಒಂದು ಜರಡಿ ಇದ್ದ ಹಾಗೆ. ಬಲೆಯ ಕಣ್ಣಿಗಿಂತ, ಅಂದರೆ ನೂಲಿನ ನಡುವಿನ ತೂತಿಗಿಂತ, ತೀರಾ ಸಣ್ಣದು ತೂರಿ ಹೋಗುತ್ತದೆ, ತೀರಾ ದೊಡ್ಡದು ಮೂತಿ ಬಡಿದು ವಾಪಸ್ ಹೋಗುತ್ತದೆ. ಬಲೆಯ ಕಣ್ಣು ದೊಡ್ಡದಿದ್ದರೆ ಮೀನಿಗೆ ಒಂದೆರಡು ವರ್ಷದ ಆಯಸ್ಸು ಸಿಕ್ಕಿತು ಅಂತ ಲೆಕ್ಕ. ಮೀನು ಕಡಿಮೆಯಾದಾಗ ಎಲ್ಲ ಕಡೆ ನಡೆಯುವುದು ಉಲ್ಟಾ: ಕಣ್ಣು ಸಣ್ಣದು ಮಾಡುತ್ತಾರೆ. ಮೊದಲೆರಡು ವರ್ಷ ಹಿಡಿತ ಏರುತ್ತದೆ ಕೂಡ, ಮೋಸ ಹೋಗುವುದು ಅಲ್ಲೇ.

ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಇದೇ ನಡೆಯಿತು. ಅಲ್ಲಿಗೆ ಕಿವಿರು ಬಲೆ ಬಂದದ್ದು 1905ರ ಸುಮಾರಿಗೆ. ಅಲ್ಲಿನ ಜನ ಙೆಗೆ ಅಂತ ಕರೆಯುವ, ನಮ್ಮ ಜಿಲೇಬಿಯ ನೆಂಟನಾದ ಮೀನು ಆಗ ಬಲೆ ತುಂಬ ಬೀಳುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಬಲೆಗೆ ಬೀಳುವುದು ಎಷ್ಟು ಇಳಿಯಿತೆಂದರೆ 1927-28ರಲ್ಲಿ ಮೈಕೆಲ್ ಗ್ರಹಾಂ ಅನ್ನುವ ವಿಜ್ಞಾನಿಯನ್ನು ಕರೆಸಿ ಸಮೀಕ್ಷೆ ಮಾಡಿಸಬೇಕಾಯಿತು. ಐದು ಇಂಚಿಗಿಂತ ಸಣ್ಣ ಕಣ್ಣಿನ ಬಲೆ ಬೇಡ ಅಂತ ಅವರು ಬರೆದರು, ಮುಂದೆ ಅದು ಕಾನೂನೂ ಆಯಿತು. ಆದರೆ ಸಣ್ಣ ಬಲೆಯಲ್ಲಿ ಜಾಸ್ತಿ ಮೀನು ಬೀಳುವುದು ಎಲ್ಲರಿಗೂ ಕಾಣುತ್ತಿತ್ತು, ಕಾನೂನನ್ನು ಜಾರಿಗೆ ತರುವುದೂ ಕಷ್ಟವಾಗಿತ್ತು. 1950ರ ದಶಕದಲ್ಲಿ ಆ ನಿಯಮವನ್ನೇ ಕೈಬಿಟ್ಟರು. ಸ್ವಲ್ಪ ಕಾಲ ಬುಟ್ಟಿ ತುಂಬಿತು, ಆಮೇಲೆ ಙೆಗೆ ಕುಸಿಯಿತು. ಅದರ ಮೇಲೆ ನೈಲ್ ಪರ್ಚ್ ಅನ್ನುವ ರಾಕ್ಷಸ ಮೀನನ್ನು ತಂದು ಬಿಟ್ಟರು, ಅದು ಇನ್ನೊಂದು ದೊಡ್ಡ ಕತೆ, ಇಲ್ಲಿ ಬೇಡ.

ನಿಮ್ಮಲ್ಲಿ ಇದಕ್ಕಿಂತ ಕಣ್ಣಿಗೆ ರಾಚುವುದು ಅಲವಿ ಬಲೆ. ದಡದಿಂದ ಉದ್ದಕ್ಕೆ ಬಳಸಿ, ಜನ ಸಾಲಾಗಿ ನಿಂತು ಎಳೆಯುವ ಆ ಭಾರಿ ಬಲೆಯಲ್ಲಿ ಸೊಳ್ಳೆಪರದೆಯಂಥ ಕಣ್ಣು ಇರುತ್ತದೆ. ಎಳೆಯುವವರು ಹೇಳುವುದು, ನಾವು ಹಿಡಿಯುವುದು ಬೆರಳುದ್ದದ ಸಣ್ಣ ಮೀನು, ಒಣಗಿಸಿ ಮಾರುತ್ತೇವೆ, ಅದು ಬೆಳೆಯುವುದೇ ಅಷ್ಟು ಅಂತ. ಅರ್ಧ ಸತ್ಯ. ಸಣ್ಣ ಜಾತಿಯ ಮೀನನ್ನು ಜಾಸ್ತಿ ಹಿಡಿದರೂ ಅದು ಬೇಗ ತುಂಬಿಕೊಳ್ಳುತ್ತದೆ, ಅದನ್ನು ಹಿಡಿಯುವುದು ತಪ್ಪಲ್ಲ. ತಕರಾರು ಇರುವುದು ಅದರ ಜೊತೆಗೆ ಬರುವ ದೊಡ್ಡ ಜಾತಿಯ ಮರಿಗಳದ್ದು. ಒಣಹಾಕಿದ ರಾಶಿಯ ಹತ್ತಿರ ಕೂತು ಒಂದು ಬೊಗಸೆ ತೆಗೆದು ಬಿಡಿಸಿ ನೋಡಿ. ಕಾಟ್ಲಾ, ರೋಹು, ಬಾಳೆ ಮೀನಿನ ಮರಿ ಎಷ್ಟಿವೆ ಅಂತ ಎಣಿಸಿ. ಸರ್ಕಾರ ದುಡ್ಡು ಕೊಟ್ಟು ತಂದು ಬಿಟ್ಟ ಮರಿಯೇ ಹೀಗೆ ಒಣಗಿ ಚೀಲ ಸೇರಿದರೆ ಮೂರು ವರ್ಷ ಆದ ಮೇಲೆ ಮೀನು ಎಲ್ಲಿ ಅಂತ ಯಾರನ್ನು ಕೇಳುವುದು?

ಬೇಸಿಗೆಯ ಮಾತು ಬೇರೆ ಇದೆ. ತುಂಗಭದ್ರೆ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ನೀರು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಕಾಲುವೆಗೆ ಬಿಟ್ಟು ಬಿಟ್ಟು ಏಪ್ರಿಲ್, ಮೇ ಹೊತ್ತಿಗೆ ನೀರು ತಳಕ್ಕೆ ಇಳಿಯುತ್ತದೆ. ಮೀನು ಮಾತ್ರ ಎಲ್ಲಿಗೆ ಹೋಗಬೇಕು? ಉಳಿದ ನೀರಿನಲ್ಲೇ ಒತ್ತೊತ್ತಾಗಿ ಸೇರುತ್ತದೆ. ಆಗ ಅದೇ ತೆಪ್ಪ, ಅದೇ ಬಲೆ, ಆದರೆ ಒಂದು ರಾತ್ರಿಗೆ ಬೀಳುವ ಮೀನು ಎಷ್ಟೋ ಪಟ್ಟು. ಬಲೆಯಿಂದ ಆಗುವ ಸಾವಿನ ದರ ತೆಪ್ಪಗಳ ಸಂಖ್ಯೆಯ ಮೇಲಷ್ಟೇ ನಿಂತಿಲ್ಲ, ನೀರಿನ ಮಟ್ಟದ ಮೇಲೂ ನಿಂತಿದೆ. ಬೇಸಿಗೆಯಲ್ಲಿ ಚೆನ್ನಾಗಿ ಬಿತ್ತು ಅಂತ ಖುಷಿ ಪಡುವ ವರ್ಷಗಳೇ ಮುಂದಿನ ವರ್ಷಗಳನ್ನು ತಿಂದು ಹಾಕಿರುತ್ತವೆ. ನನ್ನನ್ನು ಕೇಳಿದರೆ ಇಡೀ ವರ್ಷದಲ್ಲಿ ಯಾವುದಾದರೂ ಒಂದೇ ಕಡೆ ಬಲೆ ನಿಲ್ಲಿಸಿ ಅಂದರೆ, ಬೇಸಿಗೆಯಲ್ಲಿ ಉಳಿಯುವ ಆಳದ ಮಡುಗಳಲ್ಲಿ ನಿಲ್ಲಿಸಿ ಅನ್ನುತ್ತೇನೆ.

ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಬಯಲಿನ ಮೀನುಗಳು, ನಮ್ಮ ನದಿಯವಲ್ಲ. ಹರಿಯುವ ಪ್ರವಾಹದ ನೀರು ಸಿಕ್ಕದೆ ಅವು ತತ್ತಿ ಬಿಡುವುದಿಲ್ಲ, ಕೆರೆಯಲ್ಲಂತೂ ಇಲ್ಲವೇ ಇಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನದೇ ಪಿಟ್ಯೂಟರಿ ಗ್ರಂಥಿಯ ರಸವನ್ನು ಚುಚ್ಚಿ ಇವು ತತ್ತಿ ಬಿಡುವಂತೆ ಮಾಡಿದ ಮೇಲೆಯೇ ಊರೂರಿಗೆ ಬಿತ್ತನೆ ಮರಿ ಸಿಗುವ ದಾರಿಯಾದದ್ದು. ಹಾಗಾಗಿ ಕಾಟ್ಲಾ ಎಷ್ಟೇ ಹಿಡಿದರೂ ಮುಂದಿನ ವರ್ಷ ಲಾರಿಯಲ್ಲಿ ಮರಿ ಬರುತ್ತದೆ. ಅಲ್ಲಿ ನಷ್ಟ ತೂಕದ್ದು, ದುಡ್ಡಿನದ್ದು. ಆದರೆ ಬಾಳೆ ಮೀನಿಗೆ, ನಮ್ಮ ನದಿಯದೇ ಆದ ದೊಡ್ಡ ಗೆಂಡೆ ಮೀನುಗಳಿಗೆ ಮರಿ ತಂದು ಬಿಡುವವರು ಯಾರಿದ್ದಾರೆ? ಪುಲ್ಚೆಲ್ಲಸ್ ಅಂತ ವಿಜ್ಞಾನದ ಹೆಸರಿರುವ, ಜಲಸಸ್ಯ ತಿಂದು ಬೆಳೆಯುವ ಒಂದು ಗೆಂಡೆ ಈ ಜಲಾಶಯದಲ್ಲಿ ಮೊದಲು ಚೆನ್ನಾಗಿ ಸಿಗುತ್ತಿತ್ತು. ಈಗಿನ ಹುಡುಗರಿಗೆ ಅದರ ಗುರುತೇ ಇಲ್ಲ. ಅದಕ್ಕೆ ಬಲೆಯೊಂದೇ ಕಾರಣ ಅನ್ನಲಾರೆ. 1953ರಲ್ಲಿ ಮುಗಿದ ಅಣೆಕಟ್ಟು ಮೀನಿನ ಓಡಾಟದ ದಾರಿಯನ್ನೇ ಕಡಿಯಿತು, ನೀರಿನ ಏರಿಳಿತ ಗಿಡಗಂಟಿಯ ದಡವನ್ನು ಹಾಳು ಮಾಡಿತು. ಆದರೆ ಇಂಥ ಪೆಟ್ಟು ತಿಂದ ಮೀನಿಗೆ ತತ್ತಿ ಹಾಕುವ ವಯಸ್ಸಿಗೆ ಮುಂಚೆಯೇ ಬಲೆಯೂ ಬಿದ್ದರೆ ಕತೆ ಮುಗಿಯಿತು. ಮೊದಲ ತತ್ತಿಗೆ ಮೂರು ವರ್ಷ ಬೇಕಾದ ಮೀನು, ಸಾವಿನ ದರ 1.5 ಇರುವ ನೀರು, ಆ 1000ದ ಲೆಕ್ಕವನ್ನು ನೀವೇ ಇನ್ನೊಮ್ಮೆ ನೋಡಿ. ದೊಡ್ಡ ಹೆಣ್ಣು ಮೀನು ಹೋದರೆ ತತ್ತಿಯ ಲೆಕ್ಕವೂ ಹೋಗುತ್ತದೆ. ಮೈತೂಕ ಹೆಚ್ಚಿದಷ್ಟೂ ತತ್ತಿಯೂ ಹೆಚ್ಚು, ಹಾಗಾಗಿ ಎಂಟು ಕೆಜಿಯ ಒಂದು ತಾಯಿಯ ಜಾಗ ತುಂಬಲು ಎರಡು ಕೆಜಿಯ ನಾಲ್ಕಾದರೂ ಬೇಕು.

ಈಗ ಜಿಲೇಬಿ. ನಿಮ್ಮ 'ಬೆಳೆಯುವುದೇ ನಿಂತಿದೆಯಾ' ಅನ್ನುವ ಅನುಮಾನ ನಿಜವಾಗುವುದು ಇದರಲ್ಲಿ. ಮೊಸಾಂಬಿಕ್ ತಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೆ ಬಂತು. ಇದು ತತ್ತಿಯನ್ನು ಬಾಯಲ್ಲಿಟ್ಟು ಮರಿ ಮಾಡುತ್ತದೆ, ಕೆರೆಯಲ್ಲೇ ಮಾಡುತ್ತದೆ, ಪ್ರವಾಹ ಗಿವಾಹ ಏನೂ ಬೇಡ. ಇಕ್ಕಟ್ಟಾದರೆ ಬೆಳೆಯುವುದನ್ನು ಬಿಟ್ಟು, ಬೆರಳುದ್ದಕ್ಕೇ ಮರಿ ಮಾಡಲು ಶುರು ಮಾಡುತ್ತದೆ. ಮೇವೆಲ್ಲ ಮರಿಗಳಲ್ಲೇ ಹಂಚಿಹೋಗಿ ಕೆರೆ ತುಂಬ ಅಂಗೈಗಿಂತ ಸಣ್ಣ ಮೀನು. ಇಲ್ಲಿ ರೋಗ ಅತಿ ಹಿಡಿತವಲ್ಲ, ಕಡಿಮೆ ಹಿಡಿತ! ಸಣ್ಣ ಕಣ್ಣಿನ ಬಲೆ ಹಾಕಿ ಧಾರಾಳವಾಗಿ ಹಿಡಿಯಬೇಕು. ಆದರೆ ತಿಲಾಪಿಯಾ ಕೂಡ ಬಲೆಯ ಒತ್ತಡಕ್ಕೆ ಬದಲಾಗುತ್ತದೆ. ಉಗಾಂಡಾದ ಜಾರ್ಜ್ ಸರೋವರದಲ್ಲಿ ನೈಲ್ ತಿಲಾಪಿಯಾದ ಸರಾಸರಿ ತೂಕ 1950ರ ಸುಮಾರಿಗೆ 900 ಗ್ರಾಂ ಇದ್ದದ್ದು ಇಪ್ಪತ್ತು ವರ್ಷದಲ್ಲಿ 400 ಗ್ರಾಂಗೆ ಇಳಿಯಿತು, ಮೊದಲ ಸಲ ತತ್ತಿ ಹಾಕುವ ಉದ್ದವೂ ಇಳಿಯಿತು. ದೊಡ್ಡದಾಗುವವರೆಗೆ ಕಾಯುವ ಮೀನು ಮರಿ ಮಾಡುವ ಮೊದಲೇ ಬುಟ್ಟಿ ಸೇರುತ್ತದೆ, ಅವಸರ ಮಾಡಿದ್ದು ಮರಿ ಬಿಟ್ಟು ಹೋಗುತ್ತದೆ. ಇದೇ ತಲೆಮಾರುಗಟ್ಟಲೆ ನಡೆದರೆ ಅವಸರದ ಸ್ವಭಾವವೇ ಸಂತತಿಯಲ್ಲಿ ಉಳಿದುಬಿಡಬಹುದು.

ತಳಿಯ ಅನುಮಾನವನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ನಾಲ್ಕೇ ತಾಯಿಮೀನು ಇಟ್ಟುಕೊಂಡು ವರ್ಷಗಟ್ಟಲೆ ಅದರಲ್ಲೇ ಮರಿ ಮಾಡುವ, ಕಾಟ್ಲಾ ರೋಹು ಬೆರಕೆಯಾದರೂ ಗಮನಿಸದ ಮರಿ ಕೇಂದ್ರಗಳು ಇವೆ. ಆದರೆ ಅದನ್ನು ಹೇಳುವ ಮೊದಲು ವಯಸ್ಸು ನೋಡಬೇಕು. ಮೀನಿನ ಬೆನ್ನುರೆಕ್ಕೆಯ ಕೆಳಗಿನ ಹುರುಪೆಯನ್ನು ತೊಳೆದು ಭೂತಗನ್ನಡಿಯಲ್ಲಿ ನೋಡಿದರೆ ಮರದ ಉಂಗುರದ ಹಾಗೆ ಗೆರೆಗಳು ಕಾಣುತ್ತವೆ, ತಲೆಯೊಳಗಿನ ಕಿವಿಕಲ್ಲಿನಲ್ಲಿ ಇನ್ನೂ ಚೆನ್ನಾಗಿ. ನಮ್ಮ ಬಿಸಿ ಸೀಮೆಯಲ್ಲಿ ಈ ಉಂಗುರಗಳು ಮೋಸ ಮಾಡುವುದುಂಟು. ಮೇವು ಸಿಗದ ಒಂದು ತಿಂಗಳು, ತತ್ತಿ ಹಾಕಿದ ಸುಸ್ತು, ಎಲ್ಲಕ್ಕೂ ಗೆರೆ ಬೀಳಬಹುದು. ಅದಕ್ಕೇ ಹುರುಪೆ ನೋಡುವ ಕೆಲಸವನ್ನು ಮೀನುಗಾರಿಕೆ ಕಾಲೇಜಿನವರಿಗೋ ಇಲಾಖೆಯ ಯಾರಾದರೂ ಆಸಕ್ತರಿಗೋ ಬಿಡಿ. ನೀವು ಉದ್ದ ಅಳೆಯಿರಿ.

ಉದ್ದದಿಂದ ಸಾವಿನ ದರ ಹೇಗೆ ಬರುತ್ತದೆ ಅಂದರೆ, ಬೆವರ್ಟನ್ ಮತ್ತು ಹೋಲ್ಟ್ ಅನ್ನುವ ಇಬ್ಬರು ಕೊಟ್ಟ ಒಂದು ಪುಟ್ಟ ಲೆಕ್ಕ ಇದೆ. ಮೊದಲು, ಬಲೆಗೆ ಪೂರ್ತಿಯಾಗಿ ಬೀಳಲು ಶುರುವಾಗುವ ಉದ್ದ ಗೊತ್ತು ಮಾಡಿಕೊಳ್ಳಿ, 35 ಸೆಂಟಿಮೀಟರ್ ಅನ್ನೋಣ. ಅದಕ್ಕಿಂತ ದೊಡ್ಡ ಮೀನುಗಳ ಸರಾಸರಿ ಉದ್ದ ತೆಗೆಯಿರಿ, 45 ಬಂತು ಅನ್ನೋಣ. ಕೊನೆಯ ಉದ್ದ 95ರಲ್ಲಿ ಸರಾಸರಿ 45 ಕಳೆದರೆ 50. ಸರಾಸರಿ 45ರಲ್ಲಿ 35 ಕಳೆದರೆ 10. ಐವತ್ತನ್ನು ಹತ್ತರಿಂದ ಭಾಗಿಸಿ ಕೆ 0.3ರಿಂದ ಗುಣಿಸಿ: 1.5. ಇದೇ ಒಟ್ಟು ಸಾವಿನ ದರ. ಅದರಲ್ಲಿ ಸಹಜದ್ದು 0.5 ತೆಗೆದರೆ ಬಲೆಯದು 1.0. ಅಂದರೆ ಸತ್ತ ಮೂರು ಮೀನಿನಲ್ಲಿ ಎರಡು ಬಲೆಗೆ ಸತ್ತದ್ದು. ಸತ್ತದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಲೆಯದ್ದಾದರೆ ಅತಿಯಾಯಿತು ಅನ್ನುವುದು ಹಳೆಯ ಅಂದಾಜು, ಈಗ ಅನೇಕರು ಅರ್ಧವೂ ಜಾಸ್ತಿಯೇ ಅನ್ನುತ್ತಾರೆ. ಈಗ ಸರಾಸರಿ 45ರ ಬದಲು 55 ಬಂತು ಅಂತ ಹಾಕಿ ನೋಡಿ. ಒಟ್ಟು ದರ 0.6ಕ್ಕೆ ಇಳಿಯುತ್ತದೆ, ಬಲೆಯದು ಬರೀ 0.1. ಹತ್ತು ಸೆಂಟಿಮೀಟರ್ ಸರಾಸರಿಯಲ್ಲಿ ಇಷ್ಟು ಸುದ್ದಿ ಇದೆ! ಸರಾಸರಿ ಉದ್ದ ಬಲೆಯ ಕನಿಷ್ಠ ಉದ್ದಕ್ಕೆ ಅಂಟಿಕೊಂಡಷ್ಟೂ ಹಿಡಿತ ಜೋರಾಗಿದೆ ಅಂತ ತಿಳಿಯಿರಿ. ಕ್ಯಾಲ್ಕುಲೇಟರ್ ಬೇಡ ಅನ್ನುವವರಿಗೆ ಇಷ್ಟು ಸಾಕು.

ನಾನು ಹೊಸದರಲ್ಲಿ ಮಾಡಿದ ಒಂದು ಎಡವಟ್ಟು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಒಂದು ಜಲಾಶಯದಲ್ಲಿ ಎರಡು ತಿಂಗಳು ಒಬ್ಬರದೇ ತೆಪ್ಪದ ಮೀನು ಅಳೆದೆ, ಪಾಪ ಅವರು ಚಹಾ ಕೊಡುತ್ತಿದ್ದರು, ಜಾಗ ಕೊಡುತ್ತಿದ್ದರು. ಅವರ ಬಲೆಯೆಲ್ಲ ಒಂದೇ ಅಳತೆಯ ಕಣ್ಣು. ಮೀನೆಲ್ಲ ಅಚ್ಚಿನಲ್ಲಿ ಹೊಯ್ದ ಹಾಗೆ ಒಂದೇ ಉದ್ದ ಬಂದವು. ಲೆಕ್ಕ ಹಾಕಿದರೆ ಸಾವಿನ ದರ 4ರ ಮೇಲೆ ಹೋಯಿತು. ಅದೇ ನಿಜವಾಗಿದ್ದರೆ ಆ ಜಲಾಶಯದಲ್ಲಿ ಮರುವರ್ಷ ಮೀನೇ ಇರಬಾರದಿತ್ತು. ನಾನು ಅಳೆದದ್ದು ಮೀನನ್ನಲ್ಲ, ಬಲೆಯ ಕಣ್ಣನ್ನು. ಹಿರಿಯರೊಬ್ಬರು ನಕ್ಕು, ಬೀಸುಬಲೆಯದ್ದು, ಗಾಳದ್ದು, ಬೇರೆ ಬೇರೆ ಕಣ್ಣಿನ ಬಲೆಯದ್ದು ಎಲ್ಲ ಸೇರಿಸಿ ಅಳೆದು ಬಾ ಅಂತ ವಾಪಸ್ ಕಳಿಸಿದರು.

ನೀರುನಾಯಿಯ ವಿಷಯ ಮರೆಯುವ ಮೊದಲು ಹೇಳಿಬಿಡುತ್ತೇನೆ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ನಿಮ್ಮ ಹಿನ್ನೀರಿನಲ್ಲೂ ಅಲ್ಲೊಂದು ಇಲ್ಲೊಂದು ಇರಬಹುದು. ಅವು ತಿನ್ನುವುದು ಸಹಜ ಸಾವಿನ 0.5ರೊಳಗೆ ಬಂತು, ಅದೂ ನೀರುಕಾಗೆ, ರೋಗ, ಬಾಳೆ ಮೀನು ಎಲ್ಲದರ ಜೊತೆ ಪಾಲು ಹಂಚಿಕೊಂಡು. ನಿಮ್ಮ ತಾತನ ಕಾಲದಲ್ಲಿ ನೀರುನಾಯಿ ಇರಲಿಲ್ಲವಾ, ಆಗ ಹತ್ತು ಕೆಜಿ ಕಾಟ್ಲಾ ಹೇಗೆ ಸಿಗುತ್ತಿತ್ತು? ಬಲೆ ಹರಿದು ಮೀನು ಕಚ್ಚಿಕೊಂಡು ಹೋದಾಗ ಸಿಟ್ಟು ಬರುವುದು ನಿಜ, ಆ ನಷ್ಟವೂ ನಿಜ. ಆದರೆ ಮೀನು ಸಣ್ಣದಾದದ್ದಕ್ಕೆ ಅದರ ಮೇಲೆ ಕೇಸು ನಿಲ್ಲುವುದಿಲ್ಲ.

ನಿಮ್ಮ ಸಂಘದಲ್ಲಿ ನಾಲ್ಕು ಜನ ಒಪ್ಪಿದರೆ ಹೀಗೆ ಶುರು ಮಾಡಿ. ತಿಂಗಳಿಗೆ ಎರಡು ಬೆಳಗ್ಗೆ, ಎಲ್ಲ ಥರದ ಬಲೆಯಿಂದ ಸೇರಿ ಕಡಿಮೆ ಅಂದರೆ 200 ಕಾಟ್ಲಾ, ವ್ಯಾಪಾರಿ ಬಂದು ದೊಡ್ಡದನ್ನು ಆರಿಸಿಕೊಳ್ಳುವ ಮೊದಲೇ ಅಳೆಯಬೇಕು. ಅವತ್ತು ಎಷ್ಟು ತೆಪ್ಪ ಹೋಗಿದ್ದವು, ಯಾವ ಕಣ್ಣಿನ ಬಲೆ, ಒಂದೊಂದು ತೆಪ್ಪಕ್ಕೆ ಎಷ್ಟು ಕೆಜಿ, ಜಲಾಶಯದ ಮಟ್ಟ ಎಷ್ಟಡಿ, ಇದನ್ನೂ ಬರೆಯಿರಿ. ಒಟ್ಟು ಹಿಡಿತ ನೋಡಿ ಮೋಸ ಹೋಗಬೇಡಿ, ತೆಪ್ಪ ಹೆಚ್ಚಾದರೆ ಒಟ್ಟು ಹಿಡಿತ ಹಾಗೇ ನಿಂತಿರುತ್ತದೆ, ತೆಪ್ಪಕ್ಕೆ ಬೀಳುವುದು ಮಾತ್ರ ಕರಗುತ್ತಿರುತ್ತದೆ. ಮರಿ ಬಿಟ್ಟ ಮೇಲೆ ಆ ದಡದ ಸುತ್ತ ಕೆಲವು ತಿಂಗಳು ಬಲೆ ಬೇಡ ಅಂತ ಒಂದು ಮಾತು ಮಾಡಿಕೊಳ್ಳಿ. ಬಿಡುವ ಮರಿ ಬೆರಳುದ್ದಕ್ಕಿಂತ ದೊಡ್ಡದಿರಲಿ ಅಂತ ಇಲಾಖೆಯನ್ನು ಕೇಳಿ, ಸಂಖ್ಯೆ ಕಮ್ಮಿಯಾದರೂ ಪರವಾಗಿಲ್ಲ, ನೀರಿಗೆ ಬಿದ್ದ ಮೊದಲ ವಾರಗಳಲ್ಲೇ ಸಾಯುವುದು ಸಣ್ಣ ಮರಿ. ತೋಟೆ ಸಿಡಿಸುವುದು, ವಿಷ ಹಾಕುವುದು 1897ರ ಕಾಯ್ದೆಯಿಂದಲೇ ಅಪರಾಧ, ಅದನ್ನು ಯಾರಾದರೂ ಮಾಡುತ್ತಿದ್ದರೆ ಅಳತೆ ಗಿಳತೆ ಎಲ್ಲ ಆಮೇಲೆ, ಮೊದಲು ಅದನ್ನು ನಿಲ್ಲಿಸಿ.

ಒಂದು ವರ್ಷದ ಪುಸ್ತಕ ತುಂಬಿದರೆ ನನಗೆ ಕಳಿಸಿ, ಲೆಕ್ಕ ನಾನು ಹಾಕಿಕೊಡುತ್ತೇನೆ. ಮೂತಿಯಿಂದ ಬಾಲದ ಕವಲಿನವರೆಗೆ ಅಳೆದಿರಾ, ಬಾಲದ ತುದಿಯವರೆಗಾ ಅಂತ ಮೊದಲ ಪುಟದಲ್ಲೇ ಬರೆದಿಡಿ. ಅರ್ಧ ಪುಸ್ತಕ ಹಾಗೆ, ಅರ್ಧ ಪುಸ್ತಕ ಹೀಗೆ ಅಳೆದದ್ದು ಬಂದರೆ ನಾನೂ ಏನೂ ಮಾಡಲಾರೆ.